ಪೂಜೆಯಾಗದ ಹೊಲಿಗೆ ಯಂತ್ರಕ್ಕೆ ಸುಂಕ ವಿಧಿಸುವ ಬಗ್ಗೆ

ಹೊರದೇಶದ ಸಾಮಾನು ತಪಾಸಣಾ ಕಚೇರಿ
ಅಥಣಿ ರಸ್ತೆ, ವಿಜಾಪುರ
(ಸಮುದ್ರವಿಲ್ಲದಿದ್ದರೂ ಬಂದರಿನ ಸಕಲ ಅಧಿಕಾರಗಳುಳ್ಳದ್ದು)

ಸುತ್ತೋಲೆ ಸಂಖ್ಯೆ: ಹೊಸಾತ/ಹೊಲಿಗೆ/೧೭/೧೯೪೬
ದಿನಾಂಕ: ೧೧ ನವೆಂಬರ್ ೧೯೪೬

ವಿಷಯ: ಹಡಗಿನಿಂದಿಳಿದು ಊರಿಗೆ ಬರುವವರ ಸಾಮಾನುಗಳಲ್ಲಿ ಬಳಸಿದ್ದು ಯಾವುದು, ಬಳಸದ್ದು ಯಾವುದು ಎಂಬುದನ್ನು ಗೊತ್ತುಪಡಿಸುವ ಕುರಿತು.

ಉಲ್ಲೇಖ:
(ಅ) ಘೋಣಸಗಿಯ ಸಿಪಾಯಿ ಖಂಡಪ್ಪನು ಈ ಕಚೇರಿಯಲ್ಲಿ ಕೊಟ್ಟ ಹೇಳಿಕೆ.
(ಆ) ಅವನ ಅಕ್ಕ ಬೋರವ್ವ ಕಚೇರಿಯ ಬಾಗಿಲಲ್ಲಿ ನಿಂತು ಆಡಿದ ಮಾತುಗಳು, ದಾಖಲಿಸಲು ಯೋಗ್ಯವಾದಷ್ಟು ಮಾತ್ರ.
(ಇ) ಇದೇ ವಿಷಯದ ಹಿಂದಿನ ಸುತ್ತೋಲೆ, ಇಲಿ ತಿಂದ ಭಾಗವನ್ನು ಬಿಟ್ಟು.

ಪೀಠಿಕೆ:

ಯುದ್ಧ ಮುಗಿದು ಟಿಕೋಟಾ, ಬಬಲೇಶ್ವರ ಕಡೆಯ ಸಿಪಾಯಿಗಳು ಹಿಂತಿರುಗುತ್ತಿದ್ದು, ಮುಂಬಯಿ ಬಂದರಿನಲ್ಲಿ ಗರ್ದಿ ವಿಪರೀತವಾದ್ದರಿಂದ ಅವರ ಪೆಟ್ಟಿಗೆ ಬಿಚ್ಚಿ ನೋಡುವ ಕೆಲಸವನ್ನು ಈ ಕಚೇರಿಗೆ ವಹಿಸಲಾಗಿದೆ. ನಿಯಮ ಸರಳವಾಗಿದೆ. ಪ್ರಯಾಣಿಕನು ಬಳಸಿದ ಸಾಮಾನಿಗೆ ಸುಂಕವಿಲ್ಲ. ಬಳಸದ ಹೊಸ ಸಾಮಾನು ನೂರು ರೂಪಾಯಿಯ ಮಿತಿ ದಾಟಿದರೆ ಸುಂಕ ಉಂಟು. ಇಷ್ಟು ಸರಳವಾದ ನಿಯಮ ಈ ಸೀಮೆಯಲ್ಲಿ ನಡೆಯಲಾರದೆಂದು ಮೇಲಿನವರಿಗೆ ಯಾರೂ ಹೇಳಿದಂತೆ ತೋರುವುದಿಲ್ಲ.

ಸದರಿ ಖಂಡಪ್ಪನು ಕೈರೋ ಪಟ್ಟಣದಲ್ಲಿ, ನೂರು ರೂಪಾಯಿಗೂ ಮೇಲೆ ಬೆಲೆಬಾಳುವ, ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರವೊಂದನ್ನು ಕೊಂಡು ತಂದಿರುತ್ತಾನೆ. ತಾಯಿಯಿಲ್ಲದ ಇವನನ್ನು ಕೌದಿ, ಕುಪ್ಪಸ ಹೊಲಿದು ಸಾಕಿದವಳು ಬೋರವ್ವ. ಈಗ ಅವಳ ಬೆರಳುಗಳು ಸೆಟೆದುಕೊಂಡು ಸೂಜಿ ಹಿಡಿಯಲಾಗುತ್ತಿಲ್ಲ. ಯಂತ್ರ ಸಿಗದಿದ್ದರೆ ಅವಳ ದುಡಿಮೆ ನಿಂತಂತೆಯೇ.

ಯಂತ್ರವನ್ನು ಬಳಸಲಾಗಿದೆಯೇ ಎಂದು ಕೇಳಲಾಗಿ, ಖಂಡಪ್ಪನು ಎದೆಯುಬ್ಬಿಸಿ, "ಇಲ್ರಿ ಸಾಹೇಬ್ರ, ಒಂದ ಹೊಲಿಗಿ ಸುದ್ದಾ ಹಾಕಿಲ್ರಿ. ಅಕ್ಕನ ಕೈಲೆ ಪೂಜಾ ಆಗಲಾರದ ಹೊಸಾ ಸಾಮಾನ ಹೆಂಗ ನಡಸ್ಲಿ?" ಎಂದಿರುತ್ತಾನೆ. ಬಳಸಿದ್ದೇನೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಹೇಳೆಂದು ಈ ಕಚೇರಿಯ ಪಟ್ಟೇವಾಲ ಪಾಂಡುವು ಅಧಿಕಾರಿಯ ಬೆನ್ನ ಹಿಂದೆ ನಿಂತು ಮಾಡಿದ ಸನ್ನೆಗಳನ್ನು ಅಧಿಕಾರಿಯು ನೋಡಿರುವುದಿಲ್ಲ. ಸುಂಕ ಕಟ್ಟಲು ಅವನಲ್ಲಿ ಹಣವಿಲ್ಲದ್ದರಿಂದ, ವಸೂಲಿಯ ಆದೇಶ ಬರೆದು ಯಂತ್ರವನ್ನು ತಡೆಹಿಡಿಯಲಾಯಿತು.

ಆದ್ದರಿಂದ ಸರ್ವರಿಗೂ ಈ ಮೂಲಕ ಸೂಚಿಸಲಾಗಿದೆ:

೧. ಹೊರದೇಶದಲ್ಲಿ ಕೊಂಡ ಸಾಮಾನಿನ ಪೂಜೆಯನ್ನು ಹಡಗಿನಲ್ಲೇ ಮುಗಿಸತಕ್ಕದ್ದು. ಕಾಯಿ ಒಡೆಯಲು ಹಡಗಿನ ಗೋಡೆಯನ್ನಾಗಲಿ, ಕಪ್ತಾನರ ಮೇಜನ್ನಾಗಲಿ ಉಪಯೋಗಿಸಕೂಡದು.

೨. ಮನೆಯ ಹಿರಿಯರ ಕೈಯಿಂದಲೇ ಪೂಜೆಯಾಗಬೇಕೆಂದು ಹಟ ಹಿಡಿಯುವವರು ಹೊರದೇಶಕ್ಕೆ ಹೋಗುವಾಗ ಒಬ್ಬ ಹಿರಿಯರನ್ನು ಜೊತೆಗೆ ಒಯ್ಯತಕ್ಕದ್ದು. ಮರಳಿ ತರುವಾಗ ಹಿರಿಯರನ್ನು ಬಳಸಿದ ಸಾಮಾನೆಂದು ಪರಿಗಣಿಸಿ ಸುಂಕದಿಂದ ವಿನಾಯಿತಿ ನೀಡಲಾಗುವುದು.

೩. ಕುಂಕುಮ ಹಚ್ಚಿದ ಮಾತ್ರಕ್ಕೆ ಸಾಮಾನನ್ನು ಬಳಸಿದಂತಾಗುವುದಿಲ್ಲ. ಖಂಡಪ್ಪನ ಫಜೀತಿಯ ಸುದ್ದಿ ಕೇಳಿ ಎಚ್ಚೆತ್ತ ಬಬಲೇಶ್ವರದ ಸಿಪಾಯಿ ಶಿವಯೋಗೆಪ್ಪನು ತನ್ನ ಪೆಟ್ಟಿಗೆಯೊಳಗಿನ ಸಮಸ್ತ ವಸ್ತುಗಳಿಗೂ ಕುಂಕುಮ ಬಳಿದು ತಂದಿದ್ದು, ಗಡಿಯಾರದಲ್ಲಿ ವೇಳೆ ಎಷ್ಟೆಂಬುದು ಇದುವರೆಗೆ ತಿಳಿದುಬಂದಿಲ್ಲ. ಇವನು ಡಬ್ಬಿಯಲ್ಲಿನ ಪ್ರತಿಯೊಂದು ಬಿಸ್ಕೀಟಿನ ಅಂಚನ್ನೂ ಕಚ್ಚಿ ತಂದಿರುವುದರಿಂದ ಬಿಸ್ಕೀಟುಗಳನ್ನು ಸುಂಕವಿಲ್ಲದೆ ಬಿಡಲಾಗಿದೆ. ಅಧಿಕಾರಿಗೆ ಒಂದನ್ನು ನೀಡಲು ಬಂದಾಗ ನಿರಾಕರಿಸಲಾಗಿದೆ.

೪. ಸಾಮಾನುಗಳನ್ನು ಮೈಮೇಲೆ ಹಾಕಿಕೊಂಡು ಬರುವವರಿಗೆ ಒಂದು ಕೈಗೆ ಒಂದೇ ಗಡಿಯಾರ. ಕೋಟಿನ ಮೇಲೆ ಕೋಟು ಹಾಕಿದವರು ಒಳಗಿನ ಕೋಟು ಬೆವರಿನಿಂದ ತೊಯ್ದಿರುವುದನ್ನು ತೋರಿಸತಕ್ಕದ್ದು. ಬೆವರನ್ನು ಪಾಂಡುವು ಮೂಸಿ ದೃಢೀಕರಿಸತಕ್ಕದ್ದು. ಪಾಂಡುವಿನ ವರ್ಗಾವಣೆಯ ಅರ್ಜಿ ಪರಿಶೀಲನೆಯಲ್ಲಿದೆ.

೫. ಪೂಜೆಯಾಗದೆ ಖಂಡಪ್ಪನು ಯಂತ್ರ ನಡೆಸುವುದಿಲ್ಲ. ನಡೆಸದೆ ಈ ಕಚೇರಿ ಯಂತ್ರವನ್ನು ಮನೆಗೆ ಬಿಡುವುದಿಲ್ಲ. ಯಂತ್ರ ಮನೆಗೆ ಬಾರದೆ ಅಕ್ಕ ಪೂಜೆ ಮಾಡುವುದಿಲ್ಲ. ಈ ಗಂಟನ್ನು ಬಿಡಿಸಲು ಬೋರವ್ವಳನ್ನೇ ಕರೆಸಲಾಗಿ, ಅವಳು ಘೋಣಸಗಿಯಿಂದ ಚಕ್ಕಡಿಯಲ್ಲಿ ಬಂದು ಬಾಗಿಲಲ್ಲೇ ನಿಂತು, "ಯಪ್ಪಾ, ನನ್ನ ತಮ್ಮ ಲಡಾಯಿ ಮುಗಿಸಿ ಜೀವಂತ ಬಂದಾನ. ಅವಂಗ ಜಕಾತಿ ಹಾಕ್ಲಿಲ್ಲ, ಈ ಕಬ್ಬಿಣಕ್ಕ ಹಾಕ್ತೀರೇನ್ರಿ?" ಎಂದು ಕೇಳಿರುತ್ತಾಳೆ. ನಿಯಮಾವಳಿಯನ್ನು ಎರಡು ಸಲ ತಿರುವಿ ಹಾಕಲಾಯಿತು. ಅಧಿಕಾರಿಗೆ ನಾಚಿಕೆಯಾಯಿತು ಎಂಬುದನ್ನು ಇಲ್ಲಿ ನಮೂದಿಸಲಾಗಿದೆ.

೬. ವಿಶೇಷ ಪ್ರಕರಣವೆಂದು ಕಚೇರಿಯಲ್ಲೇ ಪೂಜೆಗೆ ಅನುಮತಿ ನೀಡಲಾಯಿತು. ಇನ್ನು ಮುಂದೆ ಇಂಥ ಸಂದರ್ಭಗಳಲ್ಲಿ:

(ಕ) ಕಾಯಿಯನ್ನು ಕಚೇರಿಯ ಎದುರು ಕೂಡುವ ಮುದುಕವ್ವಳಲ್ಲಿಯೇ ಕೊಳ್ಳತಕ್ಕದ್ದು. ಅವಳು ಹೇಳಿದ ದರವೇ ಅಂತಿಮ. ಚೌಕಾಸಿ ಮಾಡಿದ ಅಧಿಕಾರಿಯ ಅನುಭವ ಒಳ್ಳೆಯದಿರಲಿಲ್ಲ.

(ಖ) ಕರ್ಪೂರವನ್ನು ದಫ್ತರಗಳಿಂದ ದೂರ ಹಚ್ಚತಕ್ಕದ್ದು.

(ಗ) ಒಡೆದ ಕಾಯಿಯಲ್ಲಿ ಒಂದು ಹೋಳು ಸಾಮಾನಿನ ಒಡೆಯರಿಗೆ, ಒಂದು ಹೋಳು ಸರಕಾರಕ್ಕೆ. ಸರಕಾರದ ಹೋಳನ್ನು ಸಿಬ್ಬಂದಿಯು ಬೆಲ್ಲದೊಡನೆ ವಿಲೇವಾರಿ ಮಾಡತಕ್ಕದ್ದು.

೭. ಪೂಜೆಯ ತರುವಾಯ, ಬೋರವ್ವ ಅಧಿಕಾರಿಯ ಸಮಕ್ಷಮ ಒಂದು ಹೊಲಿಗೆ ಹಾಕಿ ತೋರಿಸಿದಲ್ಲಿ ಯಂತ್ರವನ್ನು ಬಳಸಿದ್ದೆಂದು ಒಪ್ಪುವುದಾಗಿ ತಿಳಿಸಲಾಯಿತು. ಆದರೆ ಬಟ್ಟೆಗೆ ರೇಷನ್ ಇರುವ ಈ ಕಾಲದಲ್ಲಿ ಇಡೀ ಕಚೇರಿಯಲ್ಲಿ ಹೊಲಿಯಲು ಒಂದು ಚಿಂದಿಯೂ ಸಿಗಲಿಲ್ಲ. ಆಗ ಪಾಂಡುವು ಇದೇ ಪ್ರಕರಣದ ಕಾಗದಗಳನ್ನು ಸುತ್ತಿಟ್ಟಿದ್ದ ಹರಕು ಕೆಂಪು ರುಮಾಲನ್ನು ಕೊಟ್ಟಿರುತ್ತಾನೆ. ಕಾಗದಗಳು ಅದರೊಳಗೇ ಇದ್ದುದು ತನ್ನ ಲಕ್ಷ್ಯಕ್ಕೆ ಬರಲಿಲ್ಲವೆಂದು ಅವನ ಹೇಳಿಕೆ. ಆ ವೇಳೆಯಲ್ಲಿ ಅಧಿಕಾರಿಯು ಕಿಟಕಿಯ ಬಳಿ ನಿಂತು ದೂರದ ಗೋಳಗುಮ್ಮಟವನ್ನು ಪರಿಶೀಲಿಸುತ್ತಿದ್ದರು. ಗುಮ್ಮಟವು ಸ್ವಸ್ಥಾನದಲ್ಲಿಯೇ ಇತ್ತು.

೮. ತಿರುಗಿ ನೋಡುವಷ್ಟರಲ್ಲಿ ಬೋರವ್ವ ಕಚೇರಿಯ ದಾರದಿಂದಲೇ ರುಮಾಲಿನ ನಾಲ್ಕೂ ಬದಿಯನ್ನು ಎರಡೆರಡು ಸಾಲು ಹೊಲಿದು, "ಹರದಿತ್ತರಿ ಸಾಹೇಬ್ರ, ಗಟ್ಟಿ ಮಾಡೇನಿ. ಇನ್ನ ಏನೂ ಹೊರಗ ಬೀಳಂಗಿಲ್ಲ" ಎಂದು ಒಪ್ಪಿಸಿರುತ್ತಾಳೆ. ಹೊಲಿಗೆಯು ನೇರವಾಗಿದ್ದು ತುಂಬಾ ಚೆನ್ನಾಗಿದೆ. ತಮ್ಮನು ಕಣ್ಣೊರೆಸಿಕೊಂಡನು. ಪಾಂಡುವೂ ಒರೆಸಿಕೊಂಡನು, ಅವನಿಗೆ ಇದರಲ್ಲಿ ಯಾವುದೇ ಹಕ್ಕುಬಾಧ್ಯತೆ ಇರುವುದಿಲ್ಲ.

೯. ಇನ್ನೂ ರದ್ದಾಗದ ಸುಂಕ ವಸೂಲಿಯ ಆದೇಶವು ಸದರಿ ರುಮಾಲಿನ ಒಳಗಿದೆ. ದಾರ ಕತ್ತರಿಸಿದರೆ ಯಂತ್ರ ಬಳಸಿದ್ದಕ್ಕೆ ಇರುವ ಏಕೈಕ ಪುರಾವೆ ನಾಶವಾಗುತ್ತದೆ. ಪುರಾವೆ ನಾಶ ಮಾಡುವುದು ಅಪರಾಧ. ಕತ್ತರಿಸದಿದ್ದರೆ ಆದೇಶವನ್ನು ಓದಲಾಗುವುದಿಲ್ಲ, ಓದದೆ ವಸೂಲಿ ಮಾಡುವುದೂ ಅಪರಾಧ. ಈ ಕಚೇರಿಯು ಎರಡು ಅಪರಾಧಗಳ ನಡುವೆ ಸಿಕ್ಕಿಕೊಂಡು, ನಿರ್ವಾಹವಿಲ್ಲದೆ, ಯಂತ್ರವನ್ನು ಬೋರವ್ವಳ ಚಕ್ಕಡಿಗೆ ಏರಿಸಿದೆ. ಏರಿಸುವಾಗ ಒಂದು ಬದಿಯನ್ನು ಅಧಿಕಾರಿಯೇ ಹಿಡಿದಿದ್ದರು.

೧೦. ಇದನ್ನು ಉಳಿದ ಪ್ರಯಾಣಿಕರು ಪೂರ್ವನಿದರ್ಶನವೆಂದು ತಿಳಿಯಕೂಡದು. ಅಕ್ಕನಿಗಾಗಿ ಹೊಲಿಗೆ ಯಂತ್ರ ತರುವವರು ಮಾತ್ರ ತಿಳಿಯಬಹುದು. ಅಂಥವರು ತಮ್ಮ ದಾರವನ್ನು ತಾವೇ ತರತಕ್ಕದ್ದು.

(ಸಹಿ)
ಗುರುರಾಜ
ಮುಖ್ಯ ತಪಾಸಣಾಧಿಕಾರಿ
ವಿಜಾಪುರ

ಪ್ರತಿಗಳು:

೧. ಮುಂಬಯಿ ಬಂದರಿನ ಕಚೇರಿಗೆ, ಮಾಹಿತಿಗಾಗಿ. ಮರುಪ್ರಶ್ನೆ ಕಳಿಸಬಾರದಾಗಿ ವಿನಂತಿ.

೨. ಎಲ್ಲ ಹಡಗುಗಳ ಕಪ್ತಾನರಿಗೆ, ಕಾಯಿಯ ದಾಸ್ತಾನು ಇಟ್ಟುಕೊಳ್ಳುವ ಸಲುವಾಗಿ.

೩. ಶಿವಯೋಗೆಪ್ಪ, ಬಬಲೇಶ್ವರ. ಗಡಿಯಾರ ಒರೆಸಿಕೊಂಡು ಹಾಜರಾಗತಕ್ಕದ್ದು.

೪. ಬೋರವ್ವ, ಘೋಣಸಗಿ. ಓದು ಬಾರದ ಕಾರಣ ಪಾಂಡುವು ಖುದ್ದಾಗಿ ಹೋಗಿ ಓದಿ ಹೇಳತಕ್ಕದ್ದು. ತನ್ನ ಅಂಗಿಯನ್ನು ಹೊಲಿಸಿಕೊಂಡು ಬರುವುದಾದಲ್ಲಿ ಕೂಲಿ ಕೊಟ್ಟೇ ಬರತಕ್ಕದ್ದು.

೫. ಕಚೇರಿಯ ಪ್ರತಿ. ಸಂಬಂಧಪಟ್ಟ ದಫ್ತರದಲ್ಲಿ ಸೇರಿಸಲು ಸಾಧ್ಯವಾಗಿಲ್ಲ. ರುಮಾಲಿನೊಳಗೆ ಹೊಲಿದುಹೋದ ಸದರಿ ದಫ್ತರವು ಅಧಿಕಾರಿಯ ಕುರ್ಚಿಯ ಮೇಲೆ ದಿಂಬಾಗಿ ಬಳಕೆಯಲ್ಲಿದ್ದು, ಸುಂಕಕ್ಕೆ ಒಳಪಡುವುದಿಲ್ಲ.