ಎಪಿರಸ್‌ನ ಖಾಲಿ ಮನೆ

ಫೋನಿನಲ್ಲಿ "ಆತ್ರಿ" ಅಂದದ್ದೇ ಬಾಬಣ್ಣನ ತಪ್ಪು.

ಗದಗ ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜೊಂದರಲ್ಲಿ ಅವನು ಮ್ಯಾನೇಜರ್. ಅಂದು ರವಿವಾರ, ರಜೆ. ಗ್ರೀಸ್ ದೇಶದ ಮುದುಕನೊಬ್ಬ ಬಂದು ಇಳಿದಿದ್ದಾನೆ, ಸುತ್ತಲಿನ ಗುಡಿ, ಕೆರೆ, ಹಳ್ಳಿ ನೋಡಬೇಕಂತೆ, ನಿನಗೆ ಇಂಗ್ಲಿಷ್ ಬರುತ್ತದೆ, ಕಾರು ಕಳಿಸುತ್ತೇನೆ, ತಿರುಗಿಸಿಕೊಂಡು ಬಾ ಎಂದು ಮಾಲೀಕರು ಹೇಳಿದ್ದರು. ಬಾಬಣ್ಣ ಒಪ್ಪಿದ್ದು ನಾಡು ತೋರಿಸುವ ಹುರುಪಿನಿಂದಲ್ಲ. ಒಂದು ದಿನವಾದರೂ ಬೆಟಗೇರಿಯ ತನ್ನ ಓಣಿಯಿಂದ ಪಾರಾಗಬಹುದಲ್ಲ ಎಂದು.

ಹೆಂಡತಿ ಫಕ್ಕೀರವ್ವ ತೀರಿಕೊಂಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಆವತ್ತಿನಿಂದ ಓಣಿಯವರು ಅವನನ್ನು ಒಬ್ಬನೇ ಕೂರಲು ಬಿಟ್ಟಿರಲಿಲ್ಲ. ಮುಂಜಾನೆ ರತ್ನವ್ವ ರೊಟ್ಟಿ ತಂದು, ಅವನು ಕಡೆಯ ತುತ್ತು ನುಂಗುವ ತನಕ ಪರೀಕ್ಷೆ ಕಾಯುವ ಮಾಸ್ತರರ ಹಾಗೆ ಎದುರಿಗೆ ಕೂತಿರುತ್ತಿದ್ದಳು. ಸಂಜೆಯಾದರೆ ಮುದುಕಿ ಸಾವಿತ್ರೆವ್ವ ಎರಡನೇ ಸಂಬಂಧದ ಮಾತು ಹೊತ್ತು ಬರುತ್ತಿದ್ದಳು. ದೀಪ ಆರಿಸಿ ಕೂತರೆ ಯಾರೋ ಬಾಗಿಲು ಬಡಿದು ದೀಪ ಹಚ್ಚಿಸಿ ಹೋಗುತ್ತಿದ್ದರು. ಹೆಂಡತಿಗಾಗಿ ಒಮ್ಮೆ ಮನಸಾರೆ ಅಳುವುದಕ್ಕೂ ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಡ್ರೈವರ್ ಮಾಶಾಕ ಕಾರು ತಂದು ನಿಲ್ಲಿಸಿದ. ಮುಂದಿನ ಸೀಟಿನಲ್ಲಿ ಬಿಳಿ ಮೀಸೆಯ ಆ ಗ್ರೀಕ್ ಮುದುಕ, ಯಾನಿಸ್, ಕೂತಿದ್ದ. ಬಾಬಣ್ಣ ಹತ್ತುವುದರೊಳಗೆ ರತ್ನವ್ವ ರೊಟ್ಟಿಗಂಟಿನೊಡನೆ ಹಾಜರಾದಳು. ಲಕ್ಷ್ಮೇಶ್ವರಕ್ಕೆ ಹೋಗುವವರಿಗೆ ಶಿಗ್ಲಿ ಏನು ದೂರ, ತನ್ನ ತವರು ಅಲ್ಲೇ ಇದೆ ಎಂದು ತಾನೂ ಹತ್ತಿದಳು. ಅವಳ ಮಗಳು ವಿದ್ಯಾಶ್ರೀ ಇಂಗ್ಲಿಷ್ ಎಂ.ಎ. ಓದುತ್ತಿದ್ದಳು, ಮಾತಾಡಿ ರೂಢಿಯಾಗಲಿ ಎಂದು ಅವಳನ್ನೂ ಹತ್ತಿಸಿದಳು. ಸಾವಿತ್ರೆವ್ವನಿಗೆ ಕಾರಣವೇ ಬೇಕಾಗಲಿಲ್ಲ. ಬಾಗಿಲು ತೆರೆದಿತ್ತು, ಹತ್ತಿ ಕೂತಳು. ಬಾಬಣ್ಣ ಬಾಗಿಲಿಗೂ ಮುದುಕಿಯ ಮೊಣಕೈಗೂ ನಡುವೆ ಅಡಕತ್ತರಿಯೊಳಗಿನ ಅಡಿಕೆಯಾದ.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ಅವನು ಕಂಬದ ಕೆತ್ತನೆಯ ಬಗ್ಗೆ ಹೇಳತೊಡಗಿದ್ದನಷ್ಟೆ. ಸಾವಿತ್ರೆವ್ವ ದೇವರ ಮುಂದೆ ಕೂತು, ಬಾಬಣ್ಣನಿಗೆ ಜಲ್ದಿ ಒಂದು ಹೆಣ್ಣು ಕೂಡಿಸಪ್ಪ ಎಂದು ಇಡೀ ಗುಡಿಗೆ ಕೇಳುವಂತೆ ಬೇಡಿಕೊಂಡಳು. ಆಕೆ ಏನು ಕೇಳುತ್ತಿದ್ದಾಳೆಂದು ಯಾನಿಸ್ ವಿಚಾರಿಸಿದ.

"ಮಳೆ," ಎಂದ ಬಾಬಣ್ಣ.

ಯಾನಿಸ್ ಕಂಬ ಬಿಟ್ಟು ಮುದುಕಿಯನ್ನೇ ನೋಡುತ್ತ ನಿಂತ.

ಶಿಗ್ಲಿಯಲ್ಲಿ ರತ್ನವ್ವನ ತವರಿನವರು ಅತಿಥಿಗೆ ಹೋಳಿಗೆ ಬಡಿಸಿದರು, ಬೇಡವೆಂದಷ್ಟೂ ಬಡಿಸಿದರು. ಮಕ್ಕಳೆಷ್ಟು, ಹೆಂಡತಿಯನ್ನೇಕೆ ಕರೆತರಲಿಲ್ಲ ಎಂದು ವಿದ್ಯಾಶ್ರೀಯ ಬಾಯಿಂದ ಕೇಳಿಸಿದರು. ಹೆಂಡತಿ ಇಲ್ಲ ಎಂದು ಯಾನಿಸ್ ಹೇಳಿದ್ದಕ್ಕೆ ಮನೆಮಂದಿಯೆಲ್ಲ ಲೊಚಗುಟ್ಟಿ ಇನ್ನೊಂದು ಹೋಳಿಗೆ ಹಾಕಿದರು. ಅಷ್ಟರಲ್ಲಿ ಬಡಕಲು ಹೆಣ್ಣುಮಗಳೊಬ್ಬಳನ್ನು ನೀರು ಕೊಡುವ ನೆಪದಲ್ಲಿ ಬಾಬಣ್ಣನ ಮುಂದೆ ಮತ್ತೆ ಮತ್ತೆ ಸುಳಿಸಿದರು. ಆಕೆಯೂ ಗಂಡನನ್ನು ಕಳೆದುಕೊಂಡವಳು. ಇಬ್ಬರೂ ತಲೆ ಎತ್ತಲಿಲ್ಲ. ಬಾಬಣ್ಣ ಹೊಟ್ಟೆ ಬಿರಿಯುವಷ್ಟು ನೀರು ಕುಡಿದ.

ಮರಳುವಾಗ ಮಾಗಡಿ ಕೆರೆ. ದಿನದ ಮಾನ ಅಲ್ಲಾದರೂ ಉಳಿಯಬಹುದೆಂದು ಬಾಬಣ್ಣ ನಂಬಿದ್ದ. ಪರದೇಶದ ಹಕ್ಕಿಗಳು ಹೋದ ವಾರವೇ ಹಾರಿಹೋಗಿದ್ದವು. ಬತ್ತುತ್ತಿದ್ದ ನೀರಿನ ಅಂಚಿನಲ್ಲಿ ಒಂದು ಎಮ್ಮೆ ನಿಂತಿತ್ತು. ಹತ್ತಿರದಿಂದ ತೋರಿಸುತ್ತೇನೆಂದು ಮಾಶಾಕ ಕಾರು ಇಳಿಸಿದ; ಹಿಂದಿನ ಗಾಲಿ ರಾಡಿಯಲ್ಲಿ ಹೂತಿತು. ಬಾಬಣ್ಣ ಹಿಂದಿನಿಂದ ನೂಕಿದ. ಗಾಲಿ ಗರಗರ ತಿರುಗಿ ಅವನಿಗೆ ತಲೆಯಿಂದ ಕಾಲಿನವರೆಗೆ ರಾಡಿ ಬಳಿಯಿತು. ಕಾರಿನೊಳಗೇ ಕೂತು ರತ್ನವ್ವ ಎಡಕ್ಕೆ ನೂಕೆಂದಳು, ಸಾವಿತ್ರೆವ್ವ ಬಲಕ್ಕೆ ಎಂದಳು.

ಮಾಶಾಕ ಟ್ರ್ಯಾಕ್ಟರ್ ಹುಡುಕಿಕೊಂಡು ಊರೊಳಗೆ ಹೋದ. ಬಾಬಣ್ಣ ಯಾನಿಸ್‌ನೊಂದಿಗೆ ದೂರ ಹೋಗಿ ಕೆರೆಯ ಏರಿಯ ಮೇಲೆ ಕೂತ. ತೋರಿಸಲು ಏನೂ ಉಳಿದಿರಲಿಲ್ಲ. ಹಾಗಾಗಿ ನಿಮ್ಮ ಊರು ಹೇಗಿದೆ ಎಂದು ಕೇಳಿದ.

ಎಪಿರಸ್ ಎಂಬ ಬೆಟ್ಟದ ಸೀಮೆಯಲ್ಲಿ ತನ್ನ ಹಳ್ಳಿ ಎಂದ ಯಾನಿಸ್. ಗೋಡೆಯೂ ಕಲ್ಲು, ಮಾಡಿಗೂ ಕಲ್ಲಿನ ಹಾಸು. ಕೆಳಗೆ ಹಳ್ಳ, ಅದರ ಮೇಲೆ ಕಮಾನಿನ ಕಲ್ಲುಸೇತುವೆ. ಕುರಿ ಹಿಂಡು ಹಾಯುವಾಗ ಗಂಟೆಯ ಸದ್ದು ಬೆಟ್ಟಕ್ಕೆ ಬಡಿದು ಮರಳುತ್ತಿತ್ತು. ಈಗ ಕುರಿಯೂ ಇಲ್ಲ. ಜನ ಪಟ್ಟಣಕ್ಕೆ, ಪರದೇಶಕ್ಕೆ ಹೋದರು. ಚಳಿಗಾಲದಲ್ಲಿ ಊರಲ್ಲಿ ಉಳಿಯುವವರು ತಾನು ಮತ್ತು ಪಾದ್ರಿ.

"ಪಾದ್ರಿಗೆ ಕಿವಿ ಕೇಳುವುದಿಲ್ಲ. ಕೆಲವು ದಿನ ನನ್ನ ದನಿ ಇದೆಯೋ ಇಲ್ಲವೋ ನೋಡಲು ಕೆಮ್ಮುತ್ತೇನೆ," ಎಂದ.

ಅವನು ಅದನ್ನು ದುಃಖದಿಂದ ಹೇಳಿದ. ಬಾಬಣ್ಣನಿಗೆ ಅದು ಸ್ವರ್ಗದ ವರ್ಣನೆಯಂತೆ ಕೇಳಿಸಿತು. ಬಾಗಿಲು ಬಡಿಯುವವರಿಲ್ಲದ ಊರು. ಆ ಕಲ್ಲಿನ ಮೆಟ್ಟಿಲ ಮೇಲೆ ಕೂತು ಫಕ್ಕೀರವ್ವನ ಹೆಸರು ಹಿಡಿದು ಅತ್ತರೆ ಏನಾಯಿತೆಂದು ಕೇಳಲು ಯಾರೂ ಬರುವುದಿಲ್ಲ.

"ನಾನು ಅಲ್ಲಿಗೆ ಬರಬಹುದೇ? ಸ್ವಲ್ಪ ದಿನದ ಮಟ್ಟಿಗೆ?" ಎಂದು ಕೇಳಿಯೇಬಿಟ್ಟ.

ಯಾನಿಸ್ ಅವನ ರಾಡಿಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ತೀರಿಹೋದ ತಮ್ಮನ ಮನೆ ಖಾಲಿ ಇದೆ, ಆಗಸ್ಟಿನಲ್ಲಿ ಬನ್ನಿ, ಊರು ಬಿಟ್ಟವರ ಸಂಘವೇ ಖರ್ಚು ಹಾಕುತ್ತದೆ ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಟ್ರ್ಯಾಕ್ಟರ್ ಕಾರನ್ನು ಎಳೆದು ಹಾಕಿತು. ದಾರಿಯುದ್ದಕ್ಕೂ ಬಾಬಣ್ಣನಿಗೆ ಮುದುಕಿಯ ಮೊಣಕೈ ಕೂಡ ಅಷ್ಟು ಚುಚ್ಚಲಿಲ್ಲ. ಓಣಿ ಮುಟ್ಟಿದೊಡನೆ, ಚಹಾ ಕುಡಿದು ಹೋಗಿ ಎಂದು ಅತಿಥಿಯನ್ನು ಕಟ್ಟೆಯ ಮೇಲೆ ಕೂರಿಸಿ ಸ್ನಾನಕ್ಕೆ ಹೋದ. ವರ್ಷದ ಮೇಲೆ ಮೊದಲ ಸಲ ಅವನಿಗೆ ಹಸಿವಾಗಿತ್ತು.

ಮೈ ಒರೆಸಿಕೊಂಡು ಹೊರಬಂದರೆ ಕಟ್ಟೆಯ ಸುತ್ತ ಓಣಿಗೆ ಓಣಿಯೇ ನೆರೆದಿತ್ತು. ನಡುವೆ ಯಾನಿಸ್ ಬಸಿಯಲ್ಲಿ ಚಹಾ ಹುಯ್ದುಕೊಂಡು ಕುಡಿಯುತ್ತಿದ್ದ. ಅವನ ಮಾತನ್ನು ವಿದ್ಯಾಶ್ರೀ ಎಲ್ಲರಿಗೂ ಕನ್ನಡದಲ್ಲಿ ಹೇಳುತ್ತಿದ್ದಳು.

"ಇವರು ಅವರೂರ ಅಧ್ಯಕ್ಷರಂತ, ಬಾಬಣ್ಣಕಾಕಾ. ಆಗಸ್ಟಿನಾಗ ಊರಹಬ್ಬ, ಉಣ್ಣಾಕ ಕುಣಿಯಾಕ ಮಂದಿನ ಇಲ್ಲಂತ. ಮಂದಿ ಹುಡಿಕ್ಯಾಡಕೋತನ ಇವರು ದೇಶ ದೇಶ ತಿರಗಾಕ ಹತ್ಯಾರ. ಇಡೀ ದಿನ ಕಾರಿನಾಗ ನಮ್ಮ ಗದ್ದಲ ಕೇಳಿ, ಸಿಕ್ಕರ ಇಂಥಾ ಮಂದಿ ಸಿಗಬೇಕು ಅಂತ ಅನಿಸಿತಂತ. ನೀವ ಬರ್ತೀನಿ ಅಂದಮ್ಯಾಲೆ ಧೈರ್ಯ ಬಂದು ಎಲ್ಲಾರನೂ ಕರದಾರ."

ಬಾಬಣ್ಣ ಟವೆಲ್ ಹಿಡಿದು ನಿಂತೇ ಇದ್ದ. ಯಾನಿಸ್ ಅವನತ್ತ ನೋಡಿ, ಮಕ್ಕಳು ನಗುವ ಹಾಗೆ ನಕ್ಕ.

ಸಾವಿತ್ರೆವ್ವ ಅಲ್ಲಿ ಬಾಬಣ್ಣನ ವಯಸ್ಸಿಗೆ ಒಪ್ಪುವ ಹೆಣ್ಣುಗಳು ಯಾರಾದರೂ ಇದ್ದಾರೋ ಕೇಳು ಎಂದು ವಿದ್ಯಾಶ್ರೀಯನ್ನು ತಿವಿಯುತ್ತಿದ್ದಳು. ರತ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದಳು.

"ಒಬ್ಬನ ಹೊಂಟಿದ್ದೆಲ್ಲೋ ಬಾಬಣ್ಣ. ನಾವ ಬಿಡ್ತೀವೇನು? ನೀ ಏನೂ ಚಿಂತಿ ಮಾಡಬ್ಯಾಡ. ಅಲ್ಲಿ ನಿನ್ನ ಮನಿ ಬಾಜೂಕಿನ ಮನಿನ ನಮಗ ಕೇಳಿ ತಗೊಂಡೀನಿ. ನಡುವ ಒಂದ ಗ್ವಾಡಿ ಐತಂತ. ನೀ ಕೆಮ್ಮಿದರೂ ಕೇಳಸ್ತೈತಿ."