ಸಿದ್ದಬಸಪ್ಪನವರ ಗೈರುಹಾಜರಿ

ಅರಸೀಕೆರೆಯ ಯುದ್ಧಮೃತರ ನಾಮಸಂಶೋಧನಾ ಹಾಗೂ ಸ್ಮಾರಕ ಸಮಿತಿಯು ಯಾವ ಲೋಪಕ್ಕೂ ಎಡೆಯಿಲ್ಲದಂತೆ ಕಾರ್ಯನಿರ್ವಹಿಸಿತು. ಸತ್ತವರನ್ನು ಹಿಂದಿನವರು ಹೇಗೆ ನೆನೆಯುತ್ತಿದ್ದರೆಂದು ತಿಳಿಯಲು ಹಳೇಬೀಡಿಗೆ ಹೋಗಿ ವೀರಗಲ್ಲು ನೋಡಿತು. ಬೇಲೂರಿಗೆ ಹೋಗಿ ಊಟ ಮಾಡಿತು. ಸದಸ್ಯರ ಮನೆಯವರೂ ಸಂಶೋಧನೆಗೆ ಹೊರಟಿದ್ದರಿಂದ ದೊಡ್ಡ ಬಸ್ಸನ್ನೇ ಮಾಡಬೇಕಾಯಿತು.

ಇಷ್ಟಾದ ಮೇಲೆ ಒಂದು ಹೆಸರು ಸಿಕ್ಕಿತು. ಅದೂ ಸಮಿತಿ ಹುಡುಕಿದ್ದಲ್ಲ. ಕೊಬ್ಬರಿ ಮಂಡಿ ಹಿಂದಿನ ಬೀದಿಯ ರುದ್ರಮ್ಮ ತಾನೇ ಬಂದು ಹೇಳಿದ್ದು. ಅಣ್ಣ ಸಿದ್ದಬಸಪ್ಪ ಎಪ್ಪತ್ತೊಂದರ ಯುದ್ಧಕ್ಕೆ ಹೊರಟಾಗ ಇದೇ ಊರಿನ ಸ್ಟೇಷನ್ನಿನಲ್ಲಿ "ಬತ್ತೀನಿ ಕಣೇ" ಅಂದು ರೈಲು ಹತ್ತಿದ್ದ. ತಂತಿ ಬಂತು, ಅವನು ಬರಲಿಲ್ಲ, ಹೆಣವೂ ಬರಲಿಲ್ಲ. ಈಗ ಅವನ ಹೆಸರು ಹೇಳುವವಳು ಊರಿನಲ್ಲಿ ರುದ್ರಮ್ಮ ಒಬ್ಬಳೇ. ತಾನು ಕಣ್ಣು ಮುಚ್ಚಿದರೆ ಆ ಹೆಸರೂ ಹೋಯಿತು ಎಂಬುದೇ ಅವಳ ಸಂಕಟ. ಕಲ್ಲಿನ ಮೇಲಾದರೂ ಉಳಿಯಲಿ ಎಂದು ಕೇಳಿಕೊಂಡಳು.

ಆದರೆ ಕಲ್ಲಿಗೆ ಶಿಷ್ಟಾಚಾರವಿದೆ. ಉದ್ಘಾಟಕರು, ಘನ ಉಪಸ್ಥಿತಿ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗುತ್ತಿಗೆದಾರರು. ಸತ್ತವರು ಎಂಬ ಶೀರ್ಷಿಕೆ ಅದರಲ್ಲಿ ಎಲ್ಲಿಯೂ ಇಲ್ಲ. ರುದ್ರಮ್ಮ ದಿನವೂ ಸಮಿತಿಯ ಕಚೇರಿಗೆ ಬಂದು ಬೆಂಚಿನ ಮೇಲೆ ಕೂರುವುದನ್ನು ನೋಡಲಾರದೆ ಕಾರ್ಯದರ್ಶಿ ಶಶಿಧರ್ ಒಂದು ದಾರಿ ಹುಡುಕಿದ: ಸಿದ್ದಬಸಪ್ಪನವರನ್ನು ವಿಶೇಷ ಆಹ್ವಾನಿತರನ್ನಾಗಿ ಮಾಡುವುದು. ಆಮಂತ್ರಣ ರುದ್ರಮ್ಮನ ಮನೆಗೇ ಹೋಯಿತು. ಅರ್ಧ ಗಂಟೆ ಮುಂಚಿತವಾಗಿ ಆಸೀನರಾಗತಕ್ಕದ್ದು ಎಂದು ಅದರಲ್ಲಿತ್ತು. ಅವಳು ಅದನ್ನು ಅಣ್ಣನ ಫೋಟೋದ ಮುಂದಿಟ್ಟಳು.

ಸಮಾರಂಭದ ದಿನ ಮುಂದಿನ ಸಾಲಿನಲ್ಲಿ ಅವರ ಕುರ್ಚಿ ಕೊನೆತನಕ ಖಾಲಿ ಉಳಿಯಿತು. ಅವರಿಗೆಂದು ತಂದ ಶಾಲು ವ್ಯರ್ಥವಾಗಬಾರದೆಂದು ಗುತ್ತಿಗೆದಾರರಿಗೆ ಹೊದಿಸಲಾಯಿತು.

ಇಲ್ಲಿ ತೊಡಕು ಎದುರಾಯಿತು. ಹಿಂದೊಮ್ಮೆ ಶೌಚಾಲಯದ ಕಲ್ಲಿನಲ್ಲಿ ಬಾರದವರ ಹೆಸರು ಬಂದು, ಬಂದವರು ಮುನಿಸಿಕೊಂಡಿದ್ದರು. ಅಂದಿನಿಂದ ವಿಶೇಷ ಆಹ್ವಾನಿತರ ಹೆಸರನ್ನು ಹಾಜರಿ ನೋಡಿಯೇ ಕೆತ್ತುವ ನಿಯಮ. ಬಾರದೇ ಇದ್ದವರನ್ನು ಕೆತ್ತಿದರೆ ನಾಳೆ ಬಾರದವರೆಲ್ಲ ಕೇಳುತ್ತಾರೆ ಎಂದು ಅಧ್ಯಕ್ಷ ನಂಜುಂಡಯ್ಯ ಬಹಳ ನೊಂದು ನುಡಿದರು.

ರುದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಬರ್ಲಿಲ್ಲ ಅಂತ್ಲೇ ಕೆತ್ಸಿ ಸ್ವಾಮಿ. ಅದು ದಿಟಾನೇ."

ಇದು ನಿಯಮಕ್ಕೆ ವಿರುದ್ಧವಲ್ಲವೆಂದು ಸಮಿತಿ ಕಂಡುಕೊಂಡಿತು. ಗುತ್ತಿಗೆದಾರರ ಹೆಸರಿನ ಕೆಳಗೆ, 'ಆಹ್ವಾನಿಸಿದರೂ ಬಾರದವರು: ಶ್ರೀ ಸಿದ್ದಬಸಪ್ಪ' ಎಂದು ಕೆತ್ತಲಾಯಿತು. ರುದ್ರಮ್ಮ ಅಕ್ಷರಗಳ ಮೇಲೆ ಬೆರಳಾಡಿಸಿ, ಬಹಳ ಹೊತ್ತು ಅಲ್ಲೇ ಕೂತಳು.

ತಿಂಗಳೊಪ್ಪತ್ತಿನಲ್ಲಿ ಸಿದ್ದಬಸಪ್ಪನವರ ಹೆಸರಿಗೆ ಸಮಿತಿಯಿಂದ ನೋಟಿಸು ಬಂತು. ಗೈರುಹಾಜರಿಗೆ ಕಾರಣ ತಿಳಿಸತಕ್ಕದ್ದು; ಸಮಜಾಯಿಷಿ ತೃಪ್ತಿಕರವಲ್ಲದಿದ್ದರೆ ಹೆಸರನ್ನು ಅಳಿಸಲಾಗುವುದು. ನೋಟಿಸು ತಂದುಕೊಟ್ಟ ಶಶಿಧರನಿಗೆ ತಲೆಯೆತ್ತಲು ನಾಚಿಕೆಯಾಯಿತು.

ರುದ್ರಮ್ಮ ಅದನ್ನೂ ಫೋಟೋದ ಮುಂದಿಟ್ಟಳು. "ಕೇಳ್ಲಿ ಬಿಡಪ್ಪಾ. ಯಾಕೆ ಬರ್ಲಿಲ್ಲ ಅಂತ ಆವತ್ನಿಂದ ನಾನೂ ಕೇಳ್ತಾನೇ ಇವ್ನಿ."

ಉತ್ತರ ಬರುವವರೆಗೆ ಹೆಸರು ಕಲ್ಲಿನ ಮೇಲೆಯೇ ಇರತಕ್ಕದ್ದೆಂದು ಸಮಿತಿ ಸರ್ವಾನುಮತದಿಂದ ಠರಾವು ಮಾಡಿತು. ಉತ್ತರವನ್ನು ಎಲ್ಲರೂ ಎದುರು ನೋಡುತ್ತಿದ್ದಾರೆ.