ಫೋನೊಳಗೆ ಬೀಗ ಹಾಕಿದ ದುಡ್ಡು

ಇಂಥವು ನಮ್ಮ ಕೆಲಸದಲ್ಲಿ ಆಗುತ್ತಲೇ ಇರುತ್ತವೆ. ಆದರೆ ಈ ಕತೆಯನ್ನು ನನಗೆ ಮೊದಲು ಹೇಳಿದವನು ಮಾಗಡಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನು. ಕತೆ ನನ್ನದೇ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

"ಕೇಳಿದ್ರಾ ಸಾ? ರಾಮನಗರದೋನು ಯಾರೋ ಒಬ್ಬ ಏಜೆಂಟಂತೆ. ತಿಪ್ಪಸಂದ್ರದೋರ ದುಡ್ಡು ಇಸ್ಕೊಂಡು ಫೋನೊಳಗೆ ಹಾಕಿ ಬೀಗ ಜಡಿದ್ಬುಟ್ಟವ್ನಂತೆ. ಈಗ ಬೀಗದ ಕೈ ಕಾಣ್ತಿಲ್ಲ ಅಂತಾನಂತೆ."

ಟೀ ಲೋಟ ಕೆಳಗಿಟ್ಟೆ. "ನೀನು ನೋಡಿದ್ದೀಯೇನಪ್ಪ ಅವನನ್ನ?"

"ನೋಡಿಲ್ಲ ಸಾ. ಹಣೆ ತುಂಬ ವಿಭೂತಿ ಬಳ್ಕೊಂಡು ಬತ್ತಾನಂತೆ. ಅಂಥೋರನ್ನೇ ನಂಬ್ಬಾರ್ದು ನೋಡಿ." ಹಾಗಂದವನು ನನ್ನ ಹಣೆ ನೋಡಿದ. "ನಿಮ್ದು ಬುಡಿ ಸಾ, ತೆಳ್ಳಗೈತೆ" ಅಂದ.

ನಾನು ಮ್ಯೂಚುಯಲ್ ಫಂಡ್ ಮಾಡಿಸಿಕೊಡುವವನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರುಗಳ ಸುತ್ತ ನನ್ನ ಗಿರಾಕಿಗಳು. ಮೊದಲೆಲ್ಲ ಕಂಪನಿಯವರು ಲೆಕ್ಕದ ಕಾಗದವನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಜನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟು ನೆಮ್ಮದಿಯಾಗಿದ್ದರು. ಯಾರೂ ಓದುತ್ತಿರಲಿಲ್ಲ. ಆಮೇಲೆ ಕಂಪನಿಯವರು ಇನ್ನು ಕಾಗದವಿಲ್ಲ, ರಿಪೋರ್ಟೆಲ್ಲ ಆನ್‌ಲೈನಿನಲ್ಲೇ ನೋಡಿಕೊಳ್ಳಿ ಅಂದರು. ಅದೇ ತಿಂಗಳು ಮಾರ್ಕೆಟ್ಟೂ ಬಿತ್ತು. ಓದದೆ ನೆಮ್ಮದಿಯಾಗಿದ್ದವರೆಲ್ಲ ಮೊದಲ ಸಲ ಓದಲು ಕೂತರು. ಕಂಡದ್ದೆಲ್ಲ ನಷ್ಟದ ಕೆಂಪು.

ಬೀಗದ ಸುದ್ದಿ ಹುಟ್ಟಿದ್ದು ತಿಪ್ಪಸಂದ್ರದ ಒಬ್ಬ ರಿಟೈರಾದ ಲೈನ್‌ಮನ್ ಮನೆಯಲ್ಲಿ. ನಿವೃತ್ತಿಯಲ್ಲಿ ಬಂದ ಅಷ್ಟೂ ದುಡ್ಡನ್ನು ಅವರು ನನ್ನ ಮಾತು ನಂಬಿ ಹಾಕಿದ್ದರು. ಫೋನಿನಲ್ಲಿ ಎಷ್ಟು ಒತ್ತಿದರೂ ಅವರ ಖಾತೆ ತೆರೆಯುತ್ತಿರಲಿಲ್ಲ. ಟೀ ಅಂಗಡಿಯಿಂದಲೇ ಫೋನು ಮಾಡಿದೆ. ಅವರ ಮನೆಯಾಕೆ ಎತ್ತಿದರು.

"ನಮ್ಮೆಜಮಾನ್ರು ಮಗಳ ಮನೆಗೆ ಹೋಗವ್ರೆ. ಸೋಮವಾರ ಬತ್ತಾರೆ, ನೀವೂ ಬನ್ನಿ. ಮಧ್ಯಾಹ್ನದೊಳಗೆ ನಮ್ ದುಡ್ಡು ನಮ್ ಕಣ್ಣಿಗೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಹಂಗೇ ಪೊಲೀಸ್ ಸ್ಟೇಷನ್ನಿಗೆ. ನೀವು ಒಳ್ಳೇರೇ ಕಣಣ್ಣ, ಬೇಜಾರು ಮಾಡ್ಕಬೇಡಿ."

ಬೇಜಾರಲ್ಲ, ಭಯ. ಇಪ್ಪತ್ತು ವರ್ಷದಿಂದ ಈ ಸೀಮೆಯಲ್ಲಿ ತಲೆಯೆತ್ತಿ ಓಡಾಡಿದವನು. ಆ ಹೆಂಗಸು ಒಂದು ಸಲ ಸ್ಟೇಷನ್ ಮೆಟ್ಟಿಲು ಹತ್ತಿದರೆ ಸಾಕು, ಆಮೇಲೆ ದುಡ್ಡು ಕಂಡರೂ ನನ್ನ ಮುಖವನ್ನು ಯಾರೂ ನೋಡುವುದಿಲ್ಲ. ಸೋಮವಾರದ ತನಕ ಉಳಿದ ಗಿರಾಕಿಗಳನ್ನಾದರೂ ಸಮಾಧಾನ ಮಾಡೋಣ ಅಂತ ಸ್ಕೂಟರ್ ಹತ್ತಿದೆ.

೧. ಸದ್ದಿಲ್ಲದ ಗೂಡು

ರಾಮನಗರದಲ್ಲಿ ಒಬ್ಬ ಸಾಹೇಬರು. ರೇಷ್ಮೆ ಗೂಡು ಕೊಂಡು ನೂಲು ತೆಗೆಸುವವರು. ಅವರ ಫೋನಿನಲ್ಲೇ ರಿಪೋರ್ಟು ತೆರೆದುಕೊಟ್ಟೆ. ನೋಡಿದ ಕೂಡಲೇ, "ಇವತ್ತೇ ಮಾರ್ಬಿಡಿ ಭಾಯ್" ಅಂದರು.

"ಸಾಹೇಬರೇ, ಇದು ವರ್ಷಗಟ್ಟಲೆ ಇಡೋವಂಥದ್ದು. ಇಳೀತದೆ, ಏರ್ತದೆ."

"ವರ್ಷಗಟ್ಟಲೆನಾ? ಗೂಡು ಒಸಿ ದಿನ ಸುಮ್ನೆ ಇಟ್ರೆ ಚಿಟ್ಟೆ ತೂತು ಹಾಕ್ಕೊಂಡು ಹಾರೋಗ್ತದೆ. ಆಮೇಲೆ ತೂತು ಬಿದ್ದ ಗೂಡು ಯಾರು ಕೇಳ್ತಾರೆ?"

"ಇದರೊಳಗೆ ಹುಳ ಇಲ್ಲ ಸಾಹೇಬರೇ."

ಅವರು ರೇಷ್ಮೆ ಮಾರ್ಕೆಟ್ಟಿನಲ್ಲಿ ಗೂಡನ್ನು ಪರೀಕ್ಷೆ ಮಾಡುವ ಹಾಗೆ ಫೋನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಹುಳ ಗಟ್ಟಿಯಾಗಿದ್ದರೆ ಗೂಡು ಲೊಟಲೊಟ ಅನ್ನುತ್ತದೆ, ಸತ್ತಿದ್ದರೆ ಸದ್ದಿಲ್ಲ. ತಮಾಷೆಗೆ ಮಾಡಿದರೋ, ಕೈಯ ಅಭ್ಯಾಸವೋ, ನನಗೆ ಇವತ್ತಿಗೂ ತಿಳಿದಿಲ್ಲ.

"ಸದ್ದೇ ಇಲ್ಲ. ಸತ್ತೋಗಿದೆ."

ಸಾಹೇಬರು ಫೋನನ್ನು ಜೇಬಿಗಿಳಿಸಿದರು.

"ಹಂಗಾದ್ರೆ ಇರ್ಲಿ ಬಿಡಿ, ಮಾರೋದು ಬೇಡ. ಸತ್ತಿರೋದು ಎಲ್ಲಿಗೆ ಹಾರೋಗ್ತದೆ?"

೨. ನಮ್ಮದು ಯಾವ ತುಂಡು?

ಚನ್ನಪಟ್ಟಣದಲ್ಲಿ ಗಂಡ ಹೆಂಡತಿ ಇಬ್ಬರೂ ಮರದ ಬೊಂಬೆಗೆ ಅರಗಿನ ಬಣ್ಣ ಕೊಡುವವರು. ಅವರ ರಿಪೋರ್ಟಿನಲ್ಲಿ ಒಂದು ದುಂಡನೆಯ ಚಿತ್ರ ಬಂತು. ದುಡ್ಡು ಯಾವ ಯಾವ ಕಡೆ ಎಷ್ಟೆಷ್ಟು ಹಂಚಿದೆ ಅಂತ ತೋರಿಸಲು ಹಪ್ಪಳ ತುಂಡು ಮಾಡಿದ ಹಾಗೆ ಬಣ್ಣ ಬಣ್ಣವಾಗಿ ಬರೆದಿರುತ್ತಾರೆ. ಗಂಡನಿಗೆ ಬಲು ಖುಷಿ. "ಬುಗುರಿ ತಲೆ ಮೇಲೆ ಹಿಂಗೇ ಹಾಕ್ತೀವಿ ಸಾ. ಹಳದಿ ಮಾತ್ರ ಒಸಿ ಪೇಲವ" ಅಂದ.

ಹೆಂಡತಿಗೆ ಖುಷಿಯಿಲ್ಲ. "ಇದ್ರಾಗೆ ನಮ್ದು ಯಾವ ತುಂಡು?"

"ಎಲ್ಲ ತುಂಡೂ ನಿಮ್ಮದೇ ಕಣಮ್ಮ."

"ಹೇಳಿ ಸಾ, ಪರವಾಗಿಲ್ಲ. ಆ ಸಣ್ ಹಳದೀದು ತಾನೇ?"

"ಇಲ್ಲಮ್ಮ, ಇಡೀ ದುಂಡೇ ನಿಮ್ಮದು."

ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತಳು. "ಸುಮ್ಕಿರಿ ಸಾ. ಊರೋರ್ದೆಲ್ಲ ಸೇರ್ಸಿ ನಮ್ದು ಅಂತೀರಲ್ಲ. ನಾವು ಅಂಥೋರಲ್ಲ. ನಮ್ ಹಳದೀದು ನಮಗೆ ಕೊಡಿ, ಸಾಕು."

ಅವತ್ತು ಕತ್ತಲಾಗುವ ಮುಂಚೆ ಮನೆಗೆ ಬಂದೆ. ನನ್ನ ಹೆಂಡತಿ ಕಾಫಿ ಕೊಟ್ಟು ಮೆಲ್ಲಗೆ ಕೇಳಿದಳು: "ಅಲ್ರೀ, ನಮ್ ದುಡ್ಡೂ ಐತೆ ತಾನೇ?"

೩. ತನಿಖೆ

ಕನಕಪುರದ ಗಿರಾಕಿ ರಿಟೈರಾದ ಹೆಡ್ ಕಾನ್‌ಸ್ಟೇಬಲ್ಲು. ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಅಂತ ಕಂಪನಿಯವರು ಬರೆದದ್ದನ್ನು ಅವರು ಮೇಲಧಿಕಾರಿಯ ಆರ್ಡರ್ ಅಂತ ತಿಳಿದಿದ್ದರು. ಫೋನು ಹಿಡಿದು ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಜಗಲಿಯ ಮೇಲೆ, ಕಿಟಕಿಯ ಹೊರಗೆ.

"ಏನು ಕಾಣ್ತಿದೆ ಸಾರ್?"

"ಒಂದು ಡಬ್ಬಿ ಐತೆ."

"ಅದರಲ್ಲಿ ಏನು ಬರೆದಿದೆ?"

"ಅದನ್ನ ಹೇಳೋ ಹಂಗಿಲ್ಲ."

ಹೀಗೇ ಒಂದು ಗಂಟೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಸಾಲ ವಸೂಲಿಗೆ ಬಂದವನಿಗೆ ಹೆದರಿ ಪೊಲೀಸಪ್ಪ ಬಾಗಿಲು ಹಾಕ್ಕೊಂಡವ್ನೆ ಅಂತ ಒಬ್ಬ ಇನ್ನೊಬ್ಬನಿಗೆ ಹೇಳುವುದು ನನಗೇ ಕೇಳಿಸಿತು. ಕೊನೆಗೆ ಒಳಗಿಂದ "ಓಪನ್ ಆಯ್ತು" ಅಂತ ಕೂಗು ಬಂತು. ಅವರ ಮನೆಯಾಕೆ ಅಡುಗೆಮನೆಯಿಂದ ಓಡಿಬಂದರು. "ಏನ್ರೀ, ಲಾಭವೋ, ನಷ್ಟವೋ?"

ಚಿಲಕ ತೆಗೆದು ಅವರು ಹೊರಗೆ ಬಂದರು. ಮುಖ ಕಲ್ಲಿನ ಹಾಗಿತ್ತು.

"ತನಿಖೆ ನಡೀತೈತೆ" ಅಂದರು.

೪. ಸೋಮವಾರದ ಅಭಿಷೇಕ

ಸೋಮವಾರ ಎದ್ದು ಸ್ನಾನ ಮಾಡಿ, ಮನೆದೇವರಿಗೆ ಕೈಮುಗಿದು, ವಿಭೂತಿಯನ್ನು ಸ್ವಲ್ಪ ತೆಳ್ಳಗೇ ಇಟ್ಟುಕೊಂಡು ತಿಪ್ಪಸಂದ್ರಕ್ಕೆ ಹೋದೆ.

ಲೈನ್‌ಮನ್ ಮನೆ ಜಗಲಿ ತುಂಬ ಜನ. ಅವರ ಮನೆಯಾಕೆ ಸ್ಟೇಷನ್ನಿಗೆ ಹೋಗಲು ಒಳ್ಳೆಯ ಸೀರೆ ಉಟ್ಟು ಸಿದ್ಧವಾಗಿ ಕೂತಿದ್ದರು. ನಾನು ನನ್ನ ಫೋನಿನಲ್ಲಿ ಅವರ ಖಾತೆ ತೆರೆಯಲು ಒತ್ತಿದೆ. ನಿಮ್ಮ ಮೊಬೈಲಿಗೆ ಆರಂಕಿಯ ಒಟಿಪಿ ಕಳಿಸಿದ್ದೇವೆ, ಸ್ವಲ್ಪ ಹೊತ್ತಿನೊಳಗೆ ಹಾಕಿ ಅಂತ ಬಂತು. ಅವರ ಫೋನಿಗೆ ಏನೂ ಬರಲಿಲ್ಲ. ಕಣ್ಣಿಟ್ಟು ನೋಡಿದರೆ ಒಟಿಪಿ ಕಳಿಸಿದ್ದೇವೆ ಅಂತ ತೋರಿಸಿದ ನಂಬರಿನ ಕೊನೆಯ ಅಂಕಿಗಳೇ ಬೇರೆ.

"ಕೊನೇಲಿ ಎರಡು ಸೊನ್ನೆ ಇದೆಯಲ್ಲ, ಇದು ಯಾರ ನಂಬರು?"

ಲೈನ್‌ಮನ್ ತಲೆ ಕೆರೆದರು. "ಅಯ್ಯೋ, ಅದು ನಮ್ ಈಶ್ವರನ ಗುಡಿ ಅಯ್ನೋರ್ದು. ನಂದು ಆಫರ್ ಬಂದಂಗೆಲ್ಲ ಸಿಮ್ ಬದಲಾಯ್ತಿತ್ತಲ್ಲ. ಅಯ್ನೋರ್ದು ಯಾವತ್ತೂ ಒಂದೇ ನಂಬರು ಅಂತ ಅದನ್ನೇ ಬರೆಸಿದ್ದೆ."

ಎಲ್ಲರೂ ಗುಡಿಗೆ ಓಡಿದೆವು. ಒಳ್ಳೆಯ ಸೀರೆಯಾಕೆ ಎಲ್ಲರಿಗಿಂತ ಮುಂದೆ.

ಗುಡಿಯಲ್ಲಿ ಕರೆಂಟಿರಲಿಲ್ಲ. ಅಯ್ನೋರು ಗರ್ಭಗುಡಿಯಲ್ಲಿ ಮಡಿಯುಟ್ಟು ಅಭಿಷೇಕಕ್ಕೆ ಕೂತಿದ್ದರು. ಕೂರುವ ಮುಂಚೆ ಫೋನಿನ ಟಾರ್ಚು ಹಚ್ಚಿ ಗೋಡೆಯ ಗೂಡಿನಲ್ಲಿ ಒರಗಿಸಿಟ್ಟಿದ್ದರು. ಪರದೆ ಅವರ ಕಡೆಗೆ, ಗೂಡಿನ ಗೋಡೆಗೆ ಬಿದ್ದು ಚೆಲ್ಲಿದ ಬೆಳಕಿನಲ್ಲೇ ಪೂಜೆ. ನಾವು ಒಳಗೆ ಕಾಲಿಡುವ ಹಾಗಿಲ್ಲ. ಅವರು ಫೋನು ಮುಟ್ಟುವ ಹಾಗಿಲ್ಲ. ಅಭಿಷೇಕದ ನಡುವೆ ಲೋಕದ ಮಾತು ಆಡುವ ಹಾಗೂ ಇಲ್ಲ.

"ಅಯ್ನೋರೇ, ನಿಮ್ ಫೋನಿಗೆ ಬಂದಿರೋ ಆರು ಅಂಕಿ ಒಸಿ ಹೇಳ್ಬುಡಿ, ಟೈಮ್ ಮುಗೀತೈತೆ!" ಅಂತ ಲೈನ್‌ಮನ್ ಹೊಸ್ತಿಲಲ್ಲಿ ನಿಂತು ಕೂಗಿದರು.

ಅಯ್ನೋರು ತಿರುಗಲಿಲ್ಲ. ಮಂತ್ರವೂ ನಿಲ್ಲಲಿಲ್ಲ. ಅದರಲ್ಲಿ ಅಂಕಿಗಳು ಕೇಳಿಸಿದವು! ಒಂದು, ಮೂರು, ಐದು, ಏಳು, ಸಂಸ್ಕೃತದಲ್ಲಿ. ಪುಣ್ಯಾತ್ಮರು ಮಂತ್ರದ ಧಾಟಿಯಲ್ಲೇ ಹೇಳುತ್ತಿದ್ದಾರೆ ಅಂತ ನಾನು ಕಣ್ಣು ತೇವ ಮಾಡಿಕೊಂಡು ಒಂದೊಂದಾಗಿ ಒತ್ತಿದೆ. ಒಂಬತ್ತೂ ಆಯಿತು. ಹನ್ನೊಂದು ಬಂದಾಗ ಡಬ್ಬಿಯಲ್ಲಿ ಜಾಗವೇ ಸಾಲಲಿಲ್ಲ. ಅಯ್ನೋರು ಹದಿಮೂರಕ್ಕೆ ಹೋದರು. ಆಗ ಹೊಳೆಯಿತು, ಅವರು ಅಭಿಷೇಕದ ಚಮಕ ಮಂತ್ರ ಹೇಳುತ್ತಿದ್ದಾರೆ. ಅದರಲ್ಲಿ ಅಂಕಿಗಳು ಹಾಗೇ ಸಾಲಾಗಿ ಬರುತ್ತವೆ. ಸೋಮವಾರ ಸೋಮವಾರ ಕೇಳಿದ ನನಗೇ ಮರೆತುಹೋಗಿತ್ತು.

ಒಟಿಪಿ ತಪ್ಪು ಅಂತ ಕೆಂಪಕ್ಷರ ಬಂತು. ಒಳ್ಳೆಯ ಸೀರೆಯಾಕೆ ಅದನ್ನು ನೋಡಿದರು. "ನಡೀರಿ ಸ್ಟೇಷನ್ನಿಗೆ" ಅಂದರು.

"ತಾಯೀ, ಇನ್ನೊಂದೇ ಸಲ." ಹೊಸ ಒಟಿಪಿಗಾಗಿ ಮತ್ತೆ ಒತ್ತಿದೆ. ಗೂಡಿನಲ್ಲಿದ್ದ ಫೋನು ಟಿಣ್ ಅಂತು. ಈ ಸಲ ಅಯ್ನೋರು ಕತ್ತು ತಿರುಗಿಸಿ ಫೋನನ್ನು ನೋಡಿದರು, ಆಮೇಲೆ ನಮ್ಮನ್ನು ನೋಡಿದರು. ಚಮಕ ಅಲ್ಲಿಗೆ ಮುಗಿದಿತ್ತು. ಹಾಲಿನ ತಂಬಿಗೆ ಎತ್ತಿ, ಧಾರೆ ಬಿಡುತ್ತಾ, ಅದೇ ಸ್ವರದಲ್ಲಿ ಎಳೆದು ಎಳೆದು ಶುರು ಮಾಡಿದರು. "ಅಷ್ಟ... ಶೂನ್ಯಂ..." ಉಳಿದ ನಾಲ್ಕನ್ನೂ ಹಾಗೇ ಹಾಡಿದರು. ಕೊನೆಯ ಅಂಕಿಗೆ ಗಂಟೆಯನ್ನೂ ಬಾರಿಸಿದರು. ನೆರೆದವರೆಲ್ಲ ಕೈಮುಗಿದು "ಹರಹರ ಮಹಾದೇವ" ಅಂದರು.

ಖಾತೆ ತೆರೆಯಿತು. ಹಾಕಿದ್ದಕ್ಕಿಂತ ಸ್ವಲ್ಪ ಕಡಿಮೆ, ಕೆಂಪಾಗಿಯೇ ಇತ್ತು. ಆದರೆ ಹೆಸರು ಲೈನ್‌ಮನ್ನರದ್ದು, ದುಡ್ಡು ಅವರದ್ದು. ಆಕೆ ಅಂಕಿಗಳ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಗಂಡನ ಕಡೆ ತಿರುಗಿ, "ಐತೆ ಕಣ್ರೀ" ಅಂದರು. ಅಷ್ಟೇ. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟೆ.

ಮಂಗಳಾರತಿ ಬಂತು. ನನ್ನ ಪಕ್ಕದಲ್ಲಿದ್ದ ಒಬ್ಬ ಅಜ್ಜಿ ತಟ್ಟೆಗೆ ಹತ್ತು ರೂಪಾಯಿ ಹಾಕಿ ಅಯ್ನೋರನ್ನು ತಡೆದರು. "ಅಯ್ನೋರೇ, ಈಗ ಹೇಳಿದ್ರಲ್ಲ, ಹೋಗಿದ್ ದುಡ್ಡು ಕಣ್ಣಿಗೆ ಕಾಣೋ ಮಂತ್ರ, ನಮ್ ಮನೆ ಹೆಸರ್ಗೂ ಒಂದ್ಸಲ ಹೇಳ್ಬುಡಿ."

ಅವರ ಹಿಂದೆ ಆಗಲೇ ಏಳೆಂಟು ಜನ ಹತ್ತು ಹತ್ತು ರೂಪಾಯಿ ಹಿಡಿದು ಸಾಲಾಗಿ ನಿಂತಿದ್ದರು. ಇಬ್ಬರು ಆ ಮಂತ್ರವನ್ನು ಆಗಲೇ ಬಾಯಿಪಾಠ ಮಾಡಿಕೊಂಡು ಗಟ್ಟಿಯಾಗಿ ಹೇಳುತ್ತಿದ್ದರು.

ಓದಿದವರು ಈ ಕತೆಯನ್ನು ನಾಲ್ಕು ಜನರಿಗೆ ಹೇಳಿ. ಅಂಕಿಗಳನ್ನು ಮಾತ್ರ ಯಾರಿಗೂ ಹೇಳಬೇಡಿ.